ಹೆಬ್ಬೆರಳಿಗೆ ಗೊತ್ತಿದ್ದ ಫೋನು

ಪರದೆಯತ್ತೆ ಕಣ್ಣು ಮುಚ್ಚಿಕೊಂಡು ಹೊಲಿದರೂ ಹೊಲಿಗೆ ಕೂದಲೆಳೆಯಷ್ಟೂ ಸೊಟ್ಟಗಾಗುವುದಿಲ್ಲ ಎಂದು ಬೀದಿಯವರೆಲ್ಲ ಹೊಗಳುತ್ತಿದ್ದರು. ಹೊಗಳಿದಾಗಲೆಲ್ಲ ಅವಳು ನಕ್ಕು ತಲೆ ತಗ್ಗಿಸುತ್ತಿದ್ದಳು. ನಾಚಿಕೆ ಎಂದು ಜನ ತಿಳಿದುಕೊಳ್ಳುತ್ತಿದ್ದರು. ನಿಜ ಏನೆಂದರೆ, ಎರಡು ವರ್ಷದಿಂದ ಅವಳು ಹೊಲಿಯುತ್ತಿದ್ದದ್ದೇ ಹಾಗೆ. ಕಣ್ಣು ತೆರೆದಿರುತ್ತಿದ್ದವು, ಅಷ್ಟೇ ವ್ಯತ್ಯಾಸ. ಕಾಣುತ್ತಿದ್ದದ್ದು ಮಾತ್ರ ಹಬೆ ಹಿಡಿದ ಕನ್ನಡಿಯಲ್ಲಿ ಕಂಡಷ್ಟು. ಬಾಗಿಲು ಎಂದರೆ ಒಂದು ಬೆಳಕು, ಗಂಡ ಎಂದರೆ ಒಂದು ಬಿಳಿ ಬನಿಯನ್ನು.

ಪರದೆಯತ್ತೆ ಎಂಬ ಹೆಸರು ಅವಳಿಗೆ ಸುಮ್ಮನೆ ಬಂದದ್ದಲ್ಲ. ಬೀದಿಯ ಯಾವ ಮನೆಯ ಕಿಟಕಿಗೆ ಹೋದರೂ ಅವಳು ಹೊಲಿದ ಪರದೆಯೇ ತೂಗುತ್ತಿತ್ತು. ಗಾಳಿಗೆ ಎದ್ದು ಕುಣಿಯಬಾರದೆಂದು ಕೆಳಗಿನ ಮೂಲೆಯಲ್ಲಿ ಸಣ್ಣ ಸೀಸದ ಬಿಲ್ಲೆ ಇಟ್ಟು ಮಡಿಚಿ ಹೊಲಿಯುವುದು ಅವಳದೇ ಪದ್ಧತಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ನಡುವೆ ಉದ್ದನೆಯ ಮೇಜು, ಎಡಕ್ಕೆ ಹೊಲಿಗೆ ಯಂತ್ರ, ಬಲಕ್ಕೆ ಗೋಡೆಯ ಮೊಳೆಯಲ್ಲಿ ಕತ್ತರಿ, ಮೇಜಿನ ಮೂಲೆಯಲ್ಲಿ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ. ಅಳತೆಯ ಟೇಪಿಗೆ ಹತ್ತು ಹತ್ತು ಸೆಂಟಿಮೀಟರಿಗೆ ಒಂದರಂತೆ ದಾರದ ಗಂಟು ಹಾಕಿಕೊಂಡಿದ್ದಳು. ಯಾರಾದರೂ ಕೇಳಿದರೆ, ‘ಟೇಪು ಕೈಯಿಂದ ಜಾರಬಾರದು ನೋಡಿ, ಅದಕ್ಕೆ’ ಎಂದು ಹೇಳಿ ಮಾತು ತೇಲಿಸುತ್ತಿದ್ದಳು. ಬಣ್ಣದ ವಿಷಯಕ್ಕೆ ಇನ್ನೂ ಸುಲಭದ ಉಪಾಯವಿತ್ತು. ಬಟ್ಟೆ ಬಿಚ್ಚಿ ಹಾಸಿ, ‘ಈ ಬಣ್ಣಕ್ಕೆ ನೀವೇನಂತೀರಿ?’ ಎಂದರೆ ಸಾಕು. ಗಂಡ ಒಂದು ಹೇಳಿದರೆ ಹೆಂಡತಿ ಇನ್ನೊಂದು ಹೇಳಿ, ಇಬ್ಬರೂ ಜಗಳಕ್ಕೆ ಬಿದ್ದು, ಅವಳಿಗೆ ಬೇಕಾದ್ದನ್ನೆಲ್ಲ ಅವರೇ ಒದರಿಬಿಡುತ್ತಿದ್ದರು.

ಹಾಗಾದರೆ ಯಾಕೆ ಯಾರಿಗೂ ಹೇಳಲಿಲ್ಲ? ಅವಳ ಅಕ್ಕನಿಗೆ ಇದೇ ವಯಸ್ಸಿನಲ್ಲಿ ಕಣ್ಣು ಮಂಜಾದಾಗ ಅಕ್ಕ ಹೇಳಿದ್ದಳು. ಮನೆಯವರು ತಡಮಾಡಲಿಲ್ಲ. ಪ್ರೀತಿಯಿಂದಲೇ ಅವಳ ಕೈಯಿಂದ ಕತ್ತರಿ ತೆಗೆದುಕೊಂಡರು, ಒಲೆಯ ಹತ್ತಿರ ಹೋಗಬೇಡ ಎಂದರು, ಒಳ್ಳೆಯ ಮೆತ್ತೆ ಹಾಕಿದ ಕುರ್ಚಿ ತಂದು ಕಿಟಕಿಯ ಪಕ್ಕ ಇಟ್ಟು ಕೂರಿಸಿದರು. ಅಕ್ಕ ಆ ಕುರ್ಚಿಯಲ್ಲಿ ಕೂತವಳು ಕೂತೇ ಹೋದಳು. ಪರದೆಯತ್ತೆಗೆ ಕುರುಡಿನ ಭಯಕ್ಕಿಂತ ಆ ಕುರ್ಚಿಯ ಭಯ ಹೆಚ್ಚಾಗಿತ್ತು. ಈಗಂತೂ ನಾಟಕಶಾಲೆಯ ವೇದಿಕೆಗೆ ಹೊಸ ಮುಂಪರದೆ ಹೊಲಿಯುವ ಕೆಲಸ ಬಂದಿತ್ತು. ಅವಳ ಜೀವಮಾನದಲ್ಲೇ ಅಷ್ಟು ದೊಡ್ಡ ಪರದೆ ಹೊಲಿದಿರಲಿಲ್ಲ. ಇಂಥ ಹೊತ್ತಿನಲ್ಲಿ ಬಾಯಿ ಬಿಟ್ಟರೆ ಮುಗಿಯಿತು.

ಬಾಯಿ ಬಿಡದೆ ಇರಲು ಅವಳಿಗೆ ದೊಡ್ಡ ಆಸರೆಯಾಗಿದ್ದದ್ದು ಫೋನು. ಮಗಳ ಮದುವೆಯ ವರ್ಷ ಕೊಂಡದ್ದು, ಈಗ ಮೂಲೆಯೆಲ್ಲ ಸವೆದಿತ್ತು. ಕೆಳಗೆ ನಡುವೆ ಒಂದು ಗುಂಡಿ ಇತ್ತು, ಒತ್ತಿದರೆ ಟಿಕ್ ಎಂದು ಒಳಕ್ಕೆ ಹೋಗುವ ನಿಜವಾದ ಗುಂಡಿ. ಅತ್ತೆಯ ಹೆಬ್ಬೆರಳಿಗೆ ಅದು ಮನೆಯ ಹೊಸಿಲು. ಹೊಸಿಲಿನಿಂದ ಎಡಕ್ಕೆ ಸ್ವಲ್ಪ ಮೇಲೆ ಹೋದರೆ ಯಜಮಾನರ ನಂಬರು. ಪಕ್ಕದಲ್ಲಿ ಮಗಳು. ಮಗಳ ಮೇಲೆ ಅಳಿಯ. ನಟ್ಟನಡುವೆ ಬಟ್ಟೆ ಅಂಗಡಿಯವನು. ಬಲ ಅಂಚಿನಲ್ಲಿ ಮೆಸೇಜು, ಅದರ ಮೇಲೆ ಟಾರ್ಚು. ಕಣ್ಣು ಮಂಜಾಗಲು ಶುರುವಾದಾಗಲೇ, ಇನ್ನೂ ಒಂದಿಷ್ಟು ಕಾಣುತ್ತಿದ್ದಾಗಲೇ, ಎಲ್ಲವನ್ನೂ ತಾನೇ ಕೂತು ಹಾಗೆ ಜೋಡಿಸಿಕೊಂಡಿದ್ದಳು. ಬಲಗಡೆ ಮೇಲಿನ ಮೂಲೆಯಲ್ಲಿ ಇನ್ನೂ ಒಂದು ನಂಬರು ಇಟ್ಟಿದ್ದಳು, ಆದರೆ ಅದನ್ನು ಒಮ್ಮೆಯೂ ಒತ್ತಿರಲಿಲ್ಲ. ಗಿರಾಕಿಗಳೆಲ್ಲ ಅವಳಿಗೆ ಬರೆಯುವ ಬದಲು ಮಾತಾಡಿಯೇ ಮೆಸೇಜು ಕಳಿಸುತ್ತಿದ್ದರು. ಅತ್ತೆಗೆ ಮಾತು ಕೇಳುವುದೇ ಇಷ್ಟವಂತೆ ಎಂದು ಅವಳೇ ಹಬ್ಬಿಸಿದ್ದಳು.

ಇಷ್ಟು ಸೊಗಸಾಗಿ ನಡೆಯುತ್ತಿದ್ದ ಸಂಸಾರಕ್ಕೆ ಒಂದು ಬೆಳಿಗ್ಗೆ ಕಲ್ಲು ಬಿತ್ತು. ಯಜಮಾನರು ಬಸ್ ಡಿಪೋದಲ್ಲಿ ಟೈಮ್‌ಕೀಪರಾಗಿದ್ದು ನಿವೃತ್ತರಾದವರು. ಕಣ್ಣಿಗೆ ಬಿದ್ದದ್ದನ್ನೆಲ್ಲ ಗಟ್ಟಿಯಾಗಿ ಓದುವ ಚಾಳಿ ಇತ್ತೀಚೆಗೆ ಅಂಟಿಕೊಂಡಿತ್ತು. ಪೇಪರು, ಔಷಧಿ ಡಬ್ಬಿ, ಬಿಸ್ಕತ್ತಿನ ಪೊಟ್ಟಣ, ಯಾವುದೂ ಅವರ ಬಾಯಿಂದ ತಪ್ಪಿಸಿಕೊಳ್ಳುತ್ತಿರಲಿಲ್ಲ. ವಯಸ್ಸಾದ ಮೇಲೆ ಗಂಡಸರಿಗೆ ಹೀಗೆಲ್ಲ ಆಗುತ್ತದೆ ಎಂದು ಅತ್ತೆ ಸಹಿಸಿಕೊಂಡಿದ್ದಳು. ಆವತ್ತು ಮೇಜಿನ ಮೇಲಿದ್ದ ಅವಳ ಫೋನನ್ನೇ ಓದಿದರು.

“‘ಮುಂದಿನ ತಿಂಗಳಿಂದ ಈ ಫೋನಿನಲ್ಲಿ ಮೆಸೇಜು ಕೆಲಸ ಮಾಡುವುದಿಲ್ಲ. ದಯವಿಟ್ಟು ಹೊಸ ಫೋನಿಗೆ ಬದಲಾಯಿಸಿಕೊಳ್ಳಿ.’ ನೋಡೇ, ಎಷ್ಟು ಮರ್ಯಾದೆ! ದಯವಿಟ್ಟು ಅಂತ ಬೇರೆ ಹಾಕಿದ್ದಾರೆ.”

ಅತ್ತೆಯ ಕೈಯಲ್ಲಿದ್ದ ಹೊಲಿಗೆ ಅರ್ಧಕ್ಕೇ ನಿಂತಿತು.

ಭಾನುವಾರ ಮಗಳು, ಅಳಿಯ ಬಂದಾಗ ಮಗಳು ಕುಣಿದಾಡಿದಳು. “ಒಳ್ಳೇದೇ ಆಯ್ತು ಬಿಡಮ್ಮ, ಆ ಡಬ್ಬ ಎಸಿ. ನನ್ನ ಥರದ್ದೇ ಒಂದು ತಗೋ. ಬಟನ್ನೇ ಇಲ್ಲ, ಎಷ್ಟು ನುಣುಪು ನೋಡು.”

ಅತ್ತೆ ಮಗಳ ಫೋನನ್ನು ಕೈಗೆ ತೆಗೆದುಕೊಂಡು ಸವರಿದಳು. ಆದಿಯಿಲ್ಲ, ಅಂತ್ಯವಿಲ್ಲ, ಬರೀ ಗಾಜು. ಹೆಬ್ಬೆರಳು ಎಲ್ಲಿಂದ ಹೊರಡಬೇಕು, ಎಲ್ಲಿಗೆ ತಲುಪಬೇಕು? “ಚೆನ್ನಾಗಿದೆ,” ಎಂದಳು.

ಆಗ ಆಪದ್ಬಾಂಧವನ ಹಾಗೆ ಬಾಯಿ ಹಾಕಿದವನು ಅಳಿಯ. ಅವನು ಹೈಸ್ಕೂಲಿನಲ್ಲಿ ಭೂಗೋಳದ ಮೇಷ್ಟ್ರು. ಶಾಲೆ ಬಿಟ್ಟ ಮೇಲೆ ಅವನಿಗಿದ್ದದ್ದು ಒಂದೇ ಹುಚ್ಚು, ಜನ ಎಸೆದ ಹಳೆಯ ಫೋನುಗಳನ್ನು ತಂದು ಜೀವ ಕೊಡುವುದು. ‘ನಮ್ಮನೆ ಡ್ರಾಯರು ಫೋನುಗಳ ವೃದ್ಧಾಶ್ರಮ’ ಎಂದು ಮಗಳು ಎಲ್ಲರೆದುರು ಆಡಿಕೊಳ್ಳುತ್ತಿದ್ದಳು.

“ಅತ್ತೆ, ಈ ಫೋನಿಗೆ ಏನೂ ಆಗಿಲ್ಲ,” ಎಂದ ಅವನು, ಫೋನನ್ನು ತಿರುಗಿಸಿ ಮುರುಗಿಸಿ ನೋಡಿ. “ಗಾಜು ಸರಿಯಾಗಿದೆ, ಬ್ಯಾಟರಿ ಹೋದ ವರ್ಷ ಹಾಕಿಸಿದ್ದು. ಕಂಪನಿಯವರು ಇನ್ನು ನೋಡ್ಕೊಳ್ಳಲ್ಲ ಅಂತ ಕೈ ತೊಳ್ಕೊಂಡಿದ್ದಾರೆ, ಅಷ್ಟೆ. ಆದ್ರೆ ಲೋಕದಲ್ಲಿ ನನ್ನ ಥರ ಒಂದಷ್ಟು ಹುಚ್ಚರಿದ್ದಾರೆ. ಕಂಪನಿ ಕೈಬಿಟ್ಟ ಫೋನಿಗೆ ತಾವೇ ಕೂತು ಬೇರೆ ಆಪರೇಟಿಂಗ್ ಸಿಸ್ಟಮ್ ತಯಾರು ಮಾಡ್ತಾರೆ, ಪುಕ್ಕಟೆ ಹಂಚ್ತಾರೆ. ಅದನ್ನ ಹಾಕಿದ್ರೆ ಇನ್ನೂ ನಾಲ್ಕೈದು ವರ್ಷ ಇದು ಕುದುರೆ ಥರ ಓಡುತ್ತೆ.”

“ಆಪರೇಟಿಂಗ್ ಸಿಸ್ಟಮ್ ಅಂದ್ರೆ ಏನು ಅಳಿಯಂದ್ರೆ?” ಎಂದರು ಯಜಮಾನರು.

“ಮನೆ ಅದೇ ಮಾವ. ಒಳಗೆ ಸಂಸಾರ ನಡೆಸೋರು ಬದಲಾಗ್ತಾರೆ.”

“ಓಹೋ, ಸೊಸೆ ಬಂದ ಹಾಗೆ!”

ಆ ಮಾತಿಗೆ ಅತ್ತೆ ಅಲ್ಲೇ ಕಿವಿಗೊಡಬೇಕಿತ್ತು. ಸೊಸೆ ಬಂದ ಮನೆಯಲ್ಲಿ ಸಕ್ಕರೆ ಡಬ್ಬಿ ಇದ್ದ ಜಾಗದಲ್ಲೇ ಇರುತ್ತದೆಯೇ? ಆದರೆ ಅವಳಿಗೆ ಕೇಳಿಸಿದ್ದು ‘ಮನೆ ಅದೇ’ ಎಂಬುದೊಂದೇ. ಹಾಲು ಕುಡಿದಷ್ಟು ಸಂತೋಷವಾಯಿತು. “ಅದೇ ಮಾಡಿ ಅಳಿಯಂದ್ರೆ, ಇವತ್ತೇ ಮಾಡಿ. ಒಂದೇ ಮಾತು, ಎಲ್ಲಾ ಮೊದಲಿದ್ದ ಹಾಗೇ ಇರಬೇಕು.”

“ಒಂದು ಸಾಸಿವೆ ಕಾಳೂ ಹೋಗಲ್ಲ ಅತ್ತೆ,” ಎಂದು ಅಳಿಯ ಎದೆ ತಟ್ಟಿಕೊಂಡ.

ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪು, ಕೇಬಲ್ಲು, ಟೀ ಲೋಟ ಎಲ್ಲ ಹರಡಿ ಅವನು ಕೂತ. ಕೆಲಸದಲ್ಲಿ ಅವನು ಬಹಳ ಜಾಗರೂಕ. ಕಂಪನಿ ಹಾಕಿದ ಬೀಗ ತೆಗೆಯಬೇಕು, ತೆಗೆದ ಕೂಡಲೇ ಫೋನಿನ ಒಳಗಿದ್ದದ್ದೆಲ್ಲ ಅಳಿಸಿಹೋಗುತ್ತದೆ, ಅದಕ್ಕೇ ಮೊದಲು ಎಲ್ಲವನ್ನೂ ಬೇರೆ ಕಡೆ ಇಟ್ಟುಕೊಳ್ಳಬೇಕು ಎಂದು ವಿವರಿಸಿದ. ಫೋಟೋಗಳು, ನಂಬರುಗಳು, ಮೆಸೇಜುಗಳು, ಒಂದೊಂದನ್ನೂ ನಕಲು ಮಾಡಿದ. ಮತ್ತೆ ಮತ್ತೆ ಕೇಳಿದ. “ಇನ್ನೇನಾದ್ರೂ ಇದೆಯಾ ಅತ್ತೆ? ಯೋಚನೆ ಮಾಡಿ ಹೇಳಿ.” ಅತ್ತೆ ಯೋಚನೆ ಮಾಡಿ ಇಲ್ಲ ಎಂದಳು. ಕಾಲಿಗೆ ಮೆಟ್ಟಿಲು ಗೊತ್ತಿರುತ್ತದೆ. ಆದರೆ ಮನೆ ಖಾಲಿ ಮಾಡುವಾಗ ಮೆಟ್ಟಿಲನ್ನೂ ಗಾಡಿಗೆ ಹೇರಿ ಎಂದು ಯಾರು ಹೇಳುತ್ತಾರೆ?

ಮೊದಲ ಕೇಬಲ್ಲು ಕೈಕೊಟ್ಟಿತು, ಎರಡನೆಯದು ಹಿಡಿಯಿತು. ಬೀಗ ತೆಗೆದಾಯಿತು, ಹೊಸದನ್ನು ತುಂಬಿಸಿದ್ದಾಯಿತು. ಆಮೇಲೆ ಫೋನು ಗಾಜಿನ ಮೇಲೆ ಒಂದು ಬಿಲ್ಲೆಯನ್ನು ಗಿರಗಿರ ತಿರುಗಿಸುತ್ತ ಕೂತಿತು. ತಿರುಗಿತು, ತಿರುಗಿತು, ನಿಲ್ಲುವ ಲಕ್ಷಣವೇ ಇಲ್ಲ. ಅಳಿಯ ಉಗುರು ಕಚ್ಚಿದ.

“ಹಾಳಾದ್ರೆ ಏನಾಗುತ್ತೆ?” ಎಂದು ಮಗಳು ಕೇಳಿದಳು.

“ಇಟ್ಟಿಗೆ ಆಗುತ್ತೆ. ನಾವು ಹಾಗೇ ಹೇಳೋದು, ಫೋನು ಇಟ್ಟಿಗೆ ಆಯ್ತು ಅಂತ.”

“ಒಂದೇ ಇಟ್ಟಿಗೆಯಲ್ಲಿ ಏನು ಕಟ್ಟೋದು?” ಎಂದು ಯಜಮಾನರು ಗಾಢವಾಗಿ ಚಿಂತಿಸಿದರು. “ಬಾಗಿಲಿಗೆ ಅಡ್ಡ ಇಡಬಹುದು.”

ಅಷ್ಟರಲ್ಲಿ ಫೋನು ಟಿಣ್ ಎಂದು ಎಚ್ಚರವಾಯಿತು. ಅಳಿಯ ಕುರ್ಚಿಯಿಂದ ಎದ್ದು ಚಪ್ಪಾಳೆ ತಟ್ಟಿದ. ನಂಬರು, ಫೋಟೋ, ಮೆಸೇಜು ಎಲ್ಲ ವಾಪಸ್ಸು ಬಂದವು. ಮೆಸೇಜು ಯಾರ ದಯವೂ ಇಲ್ಲದೆ ತೆರೆದುಕೊಂಡಿತು. ಅತ್ತೆ ಆಸೆಯಿಂದ ಕೈಗೆ ತೆಗೆದುಕೊಂಡಳು. ಅದೇ ತೂಕ, ಅದೇ ಸವೆದ ಮೂಲೆ, ಅದೇ ಗುಂಡಿ. ಹೊಸಿಲು ದಾಟಿ ಹೆಬ್ಬೆರಳನ್ನು ಎಡಕ್ಕೆ, ಸ್ವಲ್ಪ ಮೇಲೆ ಇಟ್ಟಳು. ಯಜಮಾನರ ಫೋನು ರಿಂಗಾಗಲಿಲ್ಲ. ಬದಲಿಗೆ ಯಾವುದೋ ಲೆಕ್ಕ ಮಾಡುವ ಯಂತ್ರ ಟುಕ್ ಟುಕ್ ಎಂದಿತು.

“ಹೇಗಿದೆ ಅತ್ತೆ?”

ಅತ್ತೆ ಇನ್ನೊಮ್ಮೆ ಒತ್ತಿದಳು, ಮತ್ತೆ ಅದೇ ಟುಕ್ ಟುಕ್. ಬೇರೆ ಯಾರಾದರೂ ಆಗಿದ್ದರೆ, ‘ಏನ್ರೀ ಮಾಡಿಟ್ರಿ ನನ್ನ ಫೋನಿಗೆ?’ ಎಂದು ಜಾಡಿಸಿಬಿಡುತ್ತಿದ್ದಳು. ಆದರೆ ಎದುರಿಗಿದ್ದವನು ಅಳಿಯ. ರಜೆಯ ದಿನ ಊಟವನ್ನೂ ಮರೆತು ಬೆವರು ಸುರಿಸಿದ ಅಳಿಯ. ಮೇಲಾಗಿ, ಸಿಗುತ್ತಿಲ್ಲ ಎಂದು ಒಂದು ಮಾತು ಆಡಿದರೆ, ‘ಇಲ್ಲೇ ಇದೆಯಲ್ಲ, ನೋಡಿ’ ಎನ್ನುತ್ತಾರೆ. ನೋಡು ಎಂದರೆ ಏನು ನೋಡುವುದು?

“ತುಂಬಾ ಚೆನ್ನಾಗಿದೆ ಅಳಿಯಂದ್ರೆ,” ಎಂದಳು.

ಆ ವಾರ ಅವಳು ಪಟ್ಟ ಪಾಡು ಶತ್ರುವಿಗೂ ಬೇಡ. ಟಾರ್ಚು ಇದ್ದ ಜಾಗ ಒತ್ತಿದರೆ ಹಾಡು ಶುರುವಾಗುತ್ತಿತ್ತು, ನಿಲ್ಲಿಸಲು ಹೋದರೆ ಇನ್ನೂ ಜೋರಾಗುತ್ತಿತ್ತು. ಮಗಳಿಗೆಂದು ಒತ್ತಿದರೆ ಅಲಾರಂ ಏಳುತ್ತಿತ್ತು. ಮಧ್ಯಾಹ್ನ ಕಣ್ಣಿಗೆ ಜೊಂಪು ಹತ್ತುತ್ತಿದ್ದ ಯಜಮಾನರು ಡಿಪೋದ ಗಂಟೆ ಎಂದುಕೊಂಡು, ‘ಬಸ್ಸು ಬಿಡ್ರೋ!’ ಎಂದು ಕೂಗುತ್ತ ಎದ್ದು ಕೂರುತ್ತಿದ್ದರು. ಬಟ್ಟೆ ಅಂಗಡಿಯವನ ಜಾಗದಲ್ಲಿ ಕ್ಯಾಮೆರಾ ಬಂದು ಕೂತಿತ್ತು. ಅದು ಕಚಕ್ ಕಚಕ್ ಎಂದಾಗಲೆಲ್ಲ ಅತ್ತೆ ಬೆಚ್ಚಿ ಇನ್ನೇನೋ ಒತ್ತುತ್ತಿದ್ದಳು, ಇನ್ನೇನೋ ಎಲ್ಲಿಗೋ ಹೋಗುತ್ತಿತ್ತು.

ಬುಧವಾರ ನಾಟಕಶಾಲೆಯ ಕೆಂಪು ಮಖಮಲ್ಲು ಬಂತು. ಇಬ್ಬರು ಹೊತ್ತು ತಂದು ಇಳಿಸಿದ ಉರುಳೆ ಮೇಜನ್ನೇ ತುಂಬಿತು. ಪರದೆಯ ಕೊನೆಯ ಎತ್ತರವನ್ನು ಮ್ಯಾನೇಜರು ಮಾತಾಡಿ ಕಳಿಸುವುದೆಂದು ಮಾತಾಗಿತ್ತು. ಮೆಸೇಜು ಬಂದ ಸದ್ದಾಯಿತು. ಬಂದದ್ದು ಎಲ್ಲಿ ಕೂತಿದೆ ಎಂದು ಮಾತ್ರ ಹೆಬ್ಬೆರಳಿಗೆ ತಿಳಿಯಲಿಲ್ಲ. ಅವಳು ಮೊಳೆಯಿಂದ ಕತ್ತರಿ ತೆಗೆದು, ಮಖಮಲ್ಲನ್ನು ಸವರಿ, ಅಂದಾಜಿನ ಮೇಲೆ ಕತ್ತರಿಸಲೇ ಎಂದು ಯೋಚಿಸಿ, ತನ್ನ ಬುದ್ಧಿಗೆ ತಾನೇ ಬೈದುಕೊಂಡು ಕತ್ತರಿಯನ್ನು ವಾಪಸ್ಸು ತೂಗುಹಾಕಿದಳು.

“ರೀ, ಯಂತ್ರಕ್ಕೆ ಎಣ್ಣೆ ಬಿಡ್ತಿದ್ದೀನಿ, ಕೈಯೆಲ್ಲ ಜಿಡ್ಡು. ಆ ಮೆಸೇಜು ಸ್ವಲ್ಪ ಹಾಕ್ರೀ.”

ಯಜಮಾನರು ಏನೂ ಕೇಳದೆ ಬಂದು ಹಾಕಿದರು. ಗುರುವಾರ ಕೈಗೆ ಸೋಪಾಗಿತ್ತು, ಶುಕ್ರವಾರ ಅಂಟಾಗಿತ್ತು. ಶನಿವಾರಕ್ಕೆ ಹೊಸ ನೆಪ ಹೊಳೆಯದೆ ಮತ್ತೆ ಎಣ್ಣೆಗೇ ಬಂದಳು. ಆ ಯಂತ್ರ ಹುಟ್ಟಿದಾಗಿನಿಂದ ಅಷ್ಟು ಎಣ್ಣೆ ಕುಡಿದಿರಲಿಲ್ಲ. ಆದರೂ ಎತ್ತರ ಸಿಕ್ಕಿತು, ಮಖಮಲ್ಲು ಸರಿಯಾಗಿ ಕತ್ತರಿಗೆ ಬಿತ್ತು, ನೆರಿಗೆ ಹೊಲಿಯಲು ಶುರುಮಾಡಿದಳು. ಹೊಲಿಗೆಗೆ ಕೂತಾಗ ಮಾತ್ರ ಅವಳಿಗೆ ಯಾವ ಭಯವೂ ಇರುತ್ತಿರಲಿಲ್ಲ.

ಭಾನುವಾರ ಮಗಳು, ಅಳಿಯ ಮತ್ತೆ ಬಂದರು. ಅಳಿಯನ ಮುಖ ಕಾಣದಿದ್ದರೂ ಹೆಜ್ಜೆಯಲ್ಲೇ ಹೆಮ್ಮೆ ಕೇಳುತ್ತಿತ್ತು. ಟೀ ಕುಡಿಯುತ್ತ, “ಅತ್ತೆ, ನನಗೊಂದು ಕಾಲ್ ಮಾಡಿ. ಸೌಂಡು ಹೇಗೆ ಬರುತ್ತೆ ನೋಡೋಣ,” ಎಂದ.

“ಟೀ ಆರಿಹೋಗುತ್ತೆ ಅಳಿಯಂದ್ರೆ.”

“ಟೀ ಮುಗೀತು ಅತ್ತೆ.”

“ಇನ್ನೊಂದು ಲೋಟ ಕೊಡ್ಲಾ?”

“ಕಾಲ್ ಮಾಡಿ ಅತ್ತೆ.”

ಬೇರೆ ದಾರಿಯಿರಲಿಲ್ಲ. ಅತ್ತೆ ಮನಸ್ಸು ಗಟ್ಟಿಮಾಡಿಕೊಂಡು ಎಲ್ಲಿಯೋ ಒಂದು ಕಡೆ ಒತ್ತಿದಳು. ರಿಂಗಾಯಿತು! ಆದರೆ ಅಳಿಯನ ಜೇಬಿನಲ್ಲಲ್ಲ. ಅತ್ತ ಕಡೆಯಿಂದ ನಾಟಕಶಾಲೆಯ ಮ್ಯಾನೇಜರ ಗಂಟಲು ಕೋಣೆಯನ್ನೆಲ್ಲ ತುಂಬಿತು. ಮೂವತ್ತು ವರ್ಷ ವೇದಿಕೆಯ ಮೇಲೆ ಕೂಗಿ ಪಳಗಿದ ಗಂಟಲದು.

“ಅಮ್ಮಾ! ನಿಮ್ಮ ಮನೆ ಸೂರಿನ ಫೋಟೋಗಳು ತಲುಪಿದವು! ನಾಲ್ಕೂ ದಿಕ್ಕಿಂದ ತಲುಪಿದವು! ಫ್ಯಾನು ಬಹಳ ಚೆನ್ನಾಗಿದೆ! ಆದ್ರೆ ಪರದೆ ಬೇಕಾಗಿರೋದು ನನ್ನ ವೇದಿಕೆಗೆ ಅಮ್ಮಾ, ನಿಮ್ಮ ಫ್ಯಾನಿಗಲ್ಲ!”

ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅತ್ತೆ ಮಾತು ಕೊಟ್ಟಂತೆ ಮಂಗಳವಾರ ಪರದೆ ಬಂದು ತೂಗುತ್ತದೆ ಎಂದು ಮ್ಯಾನೇಜರಿಗೆ ಅಳಿಯನೇ ಸಮಾಧಾನ ಹೇಳಿ ಫೋನು ಇಟ್ಟ. ಮಗಳು ನಗು ಒರೆಸಿಕೊಂಡು ತಾಯಿಯ ಪಕ್ಕ ಬಂದು ಕೂತಳು.

“ಅಮ್ಮ, ಇಷ್ಟು ಸುಲಭ. ಇಲ್ನೋಡು, ಹಸಿರು ಬಣ್ಣದ್ದಿದೆಯಲ್ಲ, ಅದನ್ನ ಒತ್ತು.”

“ಎಲ್ಲಿ?”

“ಇಲ್ಲೇ ಅಮ್ಮ, ನಿನ್ನ ಮೂಗಿನ ಕೆಳಗೇ.”

“ಹೂಂ.”

“ಒತ್ತು ಮತ್ತೆ.”

ಹೆಬ್ಬೆರಳು ಗಾಜಿನ ಮೇಲೆ ಸುತ್ತಿತು, ತಡಕಿತು, ನಿಂತಿತು. ಇಡೀ ವಾರದ ಎಣ್ಣೆ, ಸೋಪು, ಅಂಟು ಎಲ್ಲ ಒಟ್ಟಿಗೆ ಅವಳ ಮೇಲೆ ಬಂದು ಬಿದ್ದಂತಾಗಿ ಅತ್ತೆಗೆ ಸಾಕಾಗಿಹೋಯಿತು.

“ಕಾಣ್ತಿಲ್ಲ ಕಣೇ.”

“ಕನ್ನಡಕ ತರ್ಲಾ?”

“ಕನ್ನಡಕ ಹಾಕಿದ್ರೂ ಕಾಣಲ್ಲ. ನಿನ್ನ ಮುಖಾನೂ ಕಾಣಲ್ಲ. ಎರಡು ವರ್ಷ ಆಯ್ತು.”

ಮಗಳು ಮೂಗು ಎಳೆದುಕೊಂಡ ಸದ್ದು ಕೇಳಿತು. ಆಮೇಲೆ ಅವಳು ಎದ್ದು ಮೇಜಿನ ಕಡೆ ಹೋದಳು. ಗುಂಡುಪಿನ್ನಿನ ಡಬ್ಬಿ ಮುಚ್ಚಿದ ಸದ್ದು. ಮೊಳೆಯಿಂದ ಕತ್ತರಿ ತೆಗೆದ ಸದ್ದು. ಆ ಸದ್ದು ಅತ್ತೆಗೆ ಚೆನ್ನಾಗಿ ಗೊತ್ತಿತ್ತು.

“ಮೊದಲು ಇದನ್ನೆಲ್ಲ ಎತ್ತಿಡ್ತೀನಿ,” ಎಂದಳು ಮಗಳು, ಅಳುವನ್ನು ನುಂಗುತ್ತ. “ನೀನು ಬಂದು ಕುರ್ಚಿಯಲ್ಲಿ ಕೂತ್ಕೋ ಅಮ್ಮ. ಇನ್ನು ನೀನು ಏನೂ ಮಾಡೋದು ಬೇಡ.”

ಅಕ್ಕನಿಗೆ ಹೇಳಿದ್ದೂ ಇದೇ ಮಾತು. ಇಷ್ಟೇ ಪ್ರೀತಿಯಿಂದ ಹೇಳಿದ್ದರು.

“ಕತ್ತರಿ ಮೊಳೆಗೆ ಹಾಕು,” ಎಂದರು ಯಜಮಾನರು ಪೇಪರಿನ ಹಿಂದಿನಿಂದ.

“ಅಪ್ಪಾ, ಅಮ್ಮಂಗೆ ಕಣ್ಣು...”

“ಗೊತ್ತು. ಬಿಸ್ಕತ್ತು ಪೊಟ್ಟಣ ಗಟ್ಟಿಯಾಗಿ ಓದೋಕೆ ನನಗೇನು ತಲೆ ಕೆಟ್ಟಿದೆಯಾ? ಕತ್ತರಿ ಎಲ್ಲಿತ್ತೋ ಅಲ್ಲೇ ಇಡು. ಎಲ್ಲಾ ಎಲ್ಲಿತ್ತೋ ಅಲ್ಲೇ ಇದ್ರೆ ನಿಮ್ಮಮ್ಮಂಗೆ ಯಾರ ಸಹಾಯಾನೂ ಬೇಡ. ಈ ಮನೇಲಿ ನನಗಿಂತ ಸಲೀಸಾಗಿ ಓಡಾಡ್ತಾಳೆ.”

ಅತ್ತೆ ಬನಿಯನ್ನಿನ ಕಡೆಗೆ ತಿರುಗಿದಳು. “ಗೊತ್ತಿದ್ದೂ ಸುಮ್ನಿದ್ರಾ?”

“ನೀನೇ ಹೇಳ್ತೀಯ ಅಂತ ಕಾದೆ. ನೀನು ಹೇಳೋ ಪೈಕಿ ಅಲ್ಲ ಅಂತ ಗೊತ್ತಾದ್ಮೇಲೆ ಓದೋಕೆ ಶುರು ಮಾಡ್ದೆ.” ಪೇಪರು ಮಡಿಚಿದ ಸದ್ದಾಯಿತು. “ನಂಗೂ ಭಯ ಇತ್ತು ಕಣೆ. ತೋರಿಸೋಕೆ ಹೋದ್ರೆ ಏನು ಹೇಳ್ತಾರೋ ಅಂತ.”

ಆಗ ಅಳಿಯ ತನ್ನ ಹಣೆಯನ್ನು ತಾನೇ ಪಟ್ ಎಂದು ಹೊಡೆದುಕೊಂಡ.

“ಎಲ್ಲಿತ್ತೋ ಅಲ್ಲೇ! ಅಯ್ಯೋ ದೇವರೇ. ಅತ್ತೆ, ಊರಿಗೂರನ್ನೇ ಸಾಗಿಸಿದೆ, ನಕ್ಷೆ ತರೋದು ಮರೆತೆ. ನಾನೆಂಥಾ ಭೂಗೋಳದ ಮೇಷ್ಟ್ರು! ಯಾವುದು ಎಲ್ಲಿತ್ತು ಅಂತ ಹೇಳಿ, ಈಗಲೇ ಜೋಡಿಸ್ತೀನಿ.”

“ಬಾಯಲ್ಲಿ ಹೇಳೋಕೆ ಬರಲ್ಲ ಅಳಿಯಂದ್ರೆ,” ಎಂದಳು ಅತ್ತೆ. “ಬೆರಳಿಗೆ ಗೊತ್ತು, ನನಗೆ ಗೊತ್ತಿಲ್ಲ.”

ಅಳಿಯ ಫೋನನ್ನು ಪೂರ್ತಿ ಆರಿಸಿ ಅವಳ ಕೈಗಿಟ್ಟ. “ಸರಿ, ಇದು ನಿಮ್ಮ ಹಳೇ ಫೋನು ಅಂದ್ಕೊಳ್ಳಿ. ಬೆರಳೇ ಹೇಳಲಿ. ನಾನು ಪೆನ್ನಲ್ಲಿ ಗುರುತು ಹಾಕ್ಕೋತೀನಿ.”

“ಗಾಜಿಗೆ ಪೆನ್ನು ಹಿಡಿಯಲ್ಲ,” ಎಂದಳು ಅತ್ತೆ. ಕೈ ತಾನಾಗಿ ಮೇಜಿನ ಮೂಲೆಗೆ ಹೋಯಿತು. ಅಲ್ಲಿ, ಇರಬೇಕಾದಲ್ಲೇ, ಸೀಮೆಸುಣ್ಣವಿತ್ತು. ಹೆಬ್ಬೆರಳಿಗೆ ಚೆನ್ನಾಗಿ ತಿಕ್ಕಿಕೊಂಡಳು. “ಹೂಂ, ಕೇಳಿ.”

“ನನಗೆ ಕಾಲ್ ಮಾಡಿ ಅತ್ತೆ.”

ಹೆಬ್ಬೆರಳು ಗುಂಡಿ ಮುಟ್ಟಿ, ಒಂದಿಷ್ಟೂ ಅನುಮಾನಿಸದೆ ಮೇಲೆ ಹಾರಿ ಕಪ್ಪು ಗಾಜಿನ ಮೇಲೆ ಕೂತಿತು. ಬಿಳಿಯ ಚುಕ್ಕೆ ಬಿತ್ತು. “ಮಾವನಿಗೆ.” ಚುಕ್ಕೆ. “ನನಗೆ,” ಎಂದಳು ಮಗಳು, ಕತ್ತರಿಯನ್ನು ಇನ್ನೂ ಕೈಯಲ್ಲೇ ಹಿಡಿದುಕೊಂಡು. ಚುಕ್ಕೆ. ಬಟ್ಟೆ ಅಂಗಡಿ, ಮೆಸೇಜು, ಟಾರ್ಚು. ಸತ್ತ ಗಾಜಿನ ಮೇಲೆ ಅತ್ತೆಯ ಬೆರಳು ಯಂತ್ರದ ಸೂಜಿಯ ಹಾಗೆ ಟಕಟಕ ಓಡಿತು. ವಾರವಿಡೀ ತಡಕಾಡಿದ ಬೆರಳು ಇದೇ ಎಂದು ಯಾರೂ ನಂಬುವಂತಿರಲಿಲ್ಲ. ಮಗಳ ಉಸಿರು ತನ್ನ ಭುಜದ ಹತ್ತಿರವೇ ಕೇಳಿದಾಗ ಅತ್ತೆಗೆ, ಇವಳೂ ನೋಡುತ್ತಿದ್ದಾಳೆ, ನೋಡಲಿ ಎನಿಸಿತು.

“ಮುಗೀತು,” ಎಂದಳು.

ಅಳಿಯ ಆ ಚುಕ್ಕೆಗಳ ಫೋಟೋ ತೆಗೆದುಕೊಂಡ. ಆಮೇಲೆ ಬಗ್ಗಿ ನೋಡಿದ. “ಅತ್ತೆ, ಇಲ್ಲಿ ಬಲಗಡೆ ಮೇಲಿನ ಮೂಲೆಯಲ್ಲಿ ಇನ್ನೊಂದಿದೆ. ಆದ್ರೆ ಇದು ಚುಕ್ಕೆಯಲ್ಲ. ಸವರಿದ ಹಾಗಿದೆ. ಟಾರ್ಚು ಆದ್ಮೇಲೆ ಬೆರಳು ಅಲ್ಲಿವರೆಗೂ ಹೋಗಿ, ಒತ್ತದೇ ವಾಪಸ್ ಬಂತು. ಇದು ಯಾರು?”

ಅತ್ತೆಗೆ ತನ್ನ ಬೆರಳು ಅಲ್ಲಿಗೆ ಹೋದದ್ದೇ ತಿಳಿದಿರಲಿಲ್ಲ. ದಿನವೂ ಹೋಗುತ್ತಿತ್ತಲ್ಲ, ಹೋಗಿ ಬಂದಿತ್ತು. ಸುಳ್ಳು ಹೇಳೋಣವೆಂದರೆ ಬಿಳಿಯ ಗೀರು ಎಲ್ಲರ ಎದುರಿಗೇ ಬಿದ್ದಿತ್ತು.

“ಕಣ್ಣಾಸ್ಪತ್ರೆ,” ಎಂದಳು. “ಎರಡು ವರ್ಷದ ಹಿಂದೆ ಇಟ್ಕೊಂಡೆ. ಒತ್ತೋಣ ಅಂತ ದಿನಾ ಹೋಗ್ತೀನಿ. ಅವರು ಆಗಲ್ಲ ಅಂದ್ಬಿಟ್ರೆ? ನಮ್ಮ ಕೈಲಿ ಇನ್ನೇನೂ ಇಲ್ಲ ಅಂದ್ಬಿಟ್ರೆ? ಆಮೇಲೆ ಕುರ್ಚೀನೇ ಗತಿ.” ಎರಡು ವರ್ಷದಿಂದ ಒಳಗೇ ಇಟ್ಟುಕೊಂಡಿದ್ದ ಅಳು ಆಗ ಬಂತು.

ಯಜಮಾನರು ಎದ್ದು ಬಂದು ಅವಳ ಪಕ್ಕ ಕೂತರು. ಓದಲು ಏನೂ ಇಲ್ಲದ್ದರಿಂದ ಅವಳ ಬೆನ್ನ ಮೇಲೆ ಕೈ ಇಟ್ಟರು.

ಅಳಿಯ ಫೋನನ್ನು ಹೊತ್ತಿಸಿ, ಸುಣ್ಣದ ಗುರುತುಗಳನ್ನು ನೋಡಿಕೊಂಡು ಒಂದೊಂದನ್ನೇ ಅದರದರ ಜಾಗಕ್ಕೆ ತರತೊಡಗಿದ. ಕೆಲಸ ಮಾಡುತ್ತಲೇ ಹೇಳಿದ, “ನನಗೇನೂ ಗೊತ್ತಿಲ್ಲ ಅತ್ತೆ, ನಾನು ಡಾಕ್ಟರಲ್ಲ. ಆದ್ರೆ ನಮ್ಮ ಹೆಡ್‌ಮಾಸ್ಟರಿಗೂ ಹೀಗೇ ಮಂಜಾಗಿತ್ತು. ಪೊರೆ ಅಂದ್ರು, ಒಳಗಿನ ಲೆನ್ಸು ಬದಲಾಯಿಸಿದ್ರು. ಈಗ ಕೊನೇ ಬೆಂಚಿನ ಹುಡುಗರು ಕಾಪಿ ಹೊಡೆಯೋದನ್ನ ಬಾಗಿಲಲ್ಲೇ ನಿಂತು ಹಿಡೀತಾರೆ.”

“ಒಳಗಿನದು ಮಾತ್ರ ಬದಲಾಯಿಸ್ತಾರಾ?”

“ಒಳಗಿನದು ಮಾತ್ರ. ಹೊರಗಡೆ ಎಲ್ಲಾ ಅದೇ.”

ಅತ್ತೆ ಕಣ್ಣು ಒರೆಸಿಕೊಂಡು ಯೋಚಿಸಿದಳು. ಒಂದು ಸಲ ಪೆಟ್ಟು ತಿಂದಿದ್ದಳಲ್ಲ. “ಒಳಗಿರೋದೆಲ್ಲ ಅಳಿಸಿಹೋಗಲ್ಲ ತಾನೆ?”

ಅಳುತ್ತಿದ್ದ ಮಗಳಿಗೆ ನಗು ಬಂತು. ಅಳಿಯ ಫೋನಿನ ಮೇಲೆ ಇನ್ನಷ್ಟು ಬಗ್ಗಿದ. “ಬೇಕಾದ್ರೆ ಫೋನು ಎಲ್ಲಾ ಓದಿ ಹೇಳೋ ಹಾಗೂ ಮಾಡಬಹುದು ಅತ್ತೆ, ಅಲ್ಲೀವರೆಗೆ,” ಎಂದು ಮಾತು ತಿರುಗಿಸಿದ.

“ಬೇಡ. ಮನೇಲಿ ಆಗಲೇ ಒಬ್ರಿದ್ದಾರೆ.”

ಫೋನು ಅವಳ ಕೈಗೆ ಬಂತು. ಅತ್ತೆ ಹೊಸಿಲು ದಾಟಿ ಎಡಕ್ಕೆ ಹೋದಳು, ಪಕ್ಕದಲ್ಲಿ ಯಜಮಾನರ ಜೇಬು ಗುಂಯ್‌ಗುಟ್ಟಿತು. ಟಾರ್ಚು ಒತ್ತಿದಳು, ಹಾಡು ಬರಲಿಲ್ಲ. ಅಲ್ಲಿಂದ ಬೆರಳು ತನ್ನ ಅಭ್ಯಾಸದಂತೆ ಬಲಗಡೆ ಮೇಲಿನ ಮೂಲೆಗೆ ಏರಿತು. ಇವತ್ತು ಭಾನುವಾರ, ಯಾರೂ ಎತ್ತುವುದಿಲ್ಲ ಎಂದು ಧೈರ್ಯ ತಂದುಕೊಂಡು ಒತ್ತಿಯೇಬಿಟ್ಟಳು.

ತಕ್ಷಣವೇ ಎತ್ತಿದರು. “ಕಣ್ಣಾಸ್ಪತ್ರೆ, ಹೇಳಿ,” ಎಂದಿತು ಒಂದು ಹೆಣ್ಣು ದನಿ.

“ಕಣ್ಣು ತೋರಿಸ್ಬೇಕಿತ್ತು.”

“ತೊಂದರೆ ಎಷ್ಟು ದಿನದಿಂದ ಇದೆ?”

ಒಂದು ವಾರದಿಂದ ಎಂಬ ಮಾತು ನಾಲಿಗೆಯ ತುದಿಗೇ ಬಂದಿತ್ತು. ಬೆನ್ನ ಮೇಲಿನ ಕೈ ಅಲ್ಲೇ ಇತ್ತು. “ಎರಡು ವರ್ಷ,” ಎಂದಳು ಅತ್ತೆ.

“ಇಷ್ಟು ದಿನ ಯಾಕೆ ಬರ್ಲಿಲ್ಲ ಅಮ್ಮ?”

“ಬರೋಕೆ ಹೊರಟಿದ್ದೆ, ತಲುಪಿರಲಿಲ್ಲ.”

ಆ ಕಡೆಯಾಕೆ ಏನೋ ಹುಡುಕಿ, ಮಂಗಳವಾರ ಬೆಳಿಗ್ಗೆ ಬನ್ನಿ ಎಂದಳು.

“ಮಂಗಳವಾರ ಆಗಲ್ಲ,” ಎಂದಳು ಪರದೆಯತ್ತೆ. ದನಿ ಗಿರಾಕಿಗಳ ಹತ್ತಿರ ಮಾತಾಡುವಾಗಿನ ದನಿಗೆ ಮರಳಿತ್ತು. “ನಾಟಕಶಾಲೆಗೆ ಪರದೆ ಕೊಡ್ಬೇಕು, ಮಾತು ಕೊಟ್ಟಿದ್ದೀನಿ. ಬುಧವಾರ ಬರೀರಿ. ಬುಧವಾರ ಬಂದೇ ಬರ್ತೀನಿ.”

ಫೋನು ಇಟ್ಟು, ಸೆರಗಿನಿಂದ ಗಾಜಿನ ಮೇಲಿನ ಸುಣ್ಣ ಒರೆಸಿದಳು. ಆಮೇಲೆ ಮಗಳು ನಿಂತಿದ್ದ ಕಡೆಗೆ ತಿರುಗಿದಳು.

“ಕತ್ತರಿ ಮೊಳೆಗೆ ಹಾಕಿದ್ಯಾ?”

ಕತ್ತರಿ ಮೊಳೆಗೆ ತಾಗಿದ ಸದ್ದು ಕೇಳಿತು.

“ಹಾಕಿದೆ ಅಮ್ಮ,” ಎಂದಳು ಮಗಳು. “ಎಲ್ಲಿತ್ತೋ ಅಲ್ಲೇ.”